ಹತ್ತೊಂಬತ್ತು ನಗೆಗಳ ಗೋಡೆ

ಹತ್ತೊಂಬತ್ತು ಮಕ್ಕಳೂ ನಗುತ್ತಿದ್ದರು. ಒಂದೇ ಅಳತೆಯ ಚೌಕಟ್ಟು, ಒಂದೇ ತಿಳಿನೀಲಿ ಹಿನ್ನೆಲೆ, ಒಂದೇ ಬಿಳುಪಿನ ಹಲ್ಲು. ಅವಳು ಗಾಜಿನ ಮೇಲೆ ಬಾಯಿಂದ ಹಬೆ ಬಿಟ್ಟು, ಅಪ್ಪನ ಹಳೆಯ ಬನಿಯನ್ನಿನ ಚೂರಿನಿಂದ ಒರೆಸುತ್ತ ಏಳನೆಯ ಚೌಕಟ್ಟಿನವರೆಗೆ ಬಂದಿದ್ದಳು. ಪ್ರತಿ ಗಾಜಿನಲ್ಲೂ ಮೊದಲು ತನ್ನ ಉಸಿರು ಕಾಣುತ್ತಿತ್ತು, ಆಮೇಲೆ ತನ್ನ ಮೂಗು, ಅದೂ ಸರಿದ ಮೇಲೆ ಮಗು. ಬೆಳಿಗ್ಗೆ ಕುಡಿದ ಕಾಫಿಯ ಹುಳಿವಾಸನೆ ಗಾಜಿಗೆ ತಾಗಿ ತಿರುಗಿ ಬಂದು ತನ್ನ ಮುಖಕ್ಕೇ ಹೊಡೆದಾಗ, ಇದನ್ನೇ ಅಲ್ಲವೇ ತಾನು ಈ ಮಕ್ಕಳ ಮೇಲೆ ಊದುತ್ತಿರುವುದು ಅನ್ನಿಸಿ ಕೈ ಒಂದು ಕ್ಷಣ ನಿಂತಿತು. ಸಭಾಂಗಣದ ತುಂಬ ಹೊಸ ಬಣ್ಣದ ವಾಸನೆ. ಹೋದ ವರ್ಷ ಇದೇ ಜಾಗದಲ್ಲಿ ಎರಡನೆಯ ತರಗತಿಯ ಕೋಣೆ ಇತ್ತು. ಒಂದು ದಿನ ಮೊದಲನೆಯ ಪೀರಿಯಡ್ ಮುಗಿಯುವ ಮುಂಚೆ ಅದರ ಚಾವಣಿ ಕೆಳಗೆ ಬಂತು. ಈಗ ಆ ನೆಲದ ಮೇಲೆ ಹೊಳೆಯುವ ಕಲ್ಲು ಹಾಸಿದ್ದರು. ಅದರಲ್ಲಿ ಮೇಲಿನ ದೀಪಗಳೂ, ಪ್ಲಾಸ್ಟಿಕ್ ಹೂವಿನ ತೋರಣವೂ, ಅತಿಥಿಗಳಿಗೆಂದು ತಂದ ಕೆಂಪು ಕುರ್ಚಿಗಳ ಕಾಲುಗಳೂ ತಲೆಕೆಳಗಾಗಿ ಕಾಣುತ್ತಿದ್ದವು.

"ಹಲೋ, ಹಲೋ, ಒಂದು, ಎರಡು, ಮೂರು," ಎಂದು ವೇದಿಕೆಯ ಮೇಲಿನಿಂದ ಗುಡುಗು ಬಂತು. ಔಷಧಿ ಅಂಗಡಿಯವರು. ಸ್ಮಾರಕ ಸಮಿತಿಯ ಅಧ್ಯಕ್ಷರು. ಮೈಕು ಕಂಡಲ್ಲಿ ಕೈ ಹಾಕುವವರಾದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುವುದು ಮೈಕಪ್ಪ ಅಂತ. ಅವರು ಮೈಕನ್ನು ಬಿಟ್ಟು ಇಳಿದು ಬಂದು, ಎರಡೂ ಕೈ ಸೊಂಟದ ಮೇಲಿಟ್ಟು, ಗೋಡೆಯನ್ನು ಅಳೆದರು.

"ಆಹಾ! ಒಂದೇ ತಾಯಿ ಮಕ್ಕಳ ಥರ ಕಾಣ್ತಿದಾವೆ ನೋಡಮ್ಮ. ಇದೇ, ಇದೇ ಬೇಕಾಗಿತ್ತು ನಂಗೆ. ನಿಮ್ಮಪ್ಪನ ಕಾಲದಲ್ಲಿ ಇಷ್ಟು ಚೆನ್ನಾಗಿ ಬರ್ತಿತ್ತಾ? ಆಗ ಹೆಣದ ಫೋಟೋನೂ ಮದುವೆ ಫೋಟೋನೂ ಒಂದೇ ಥರ ಇರ್ತಿದ್ವು!" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಸ್ಥಳ ನೆನಪಾಗಿ, ಕೆಮ್ಮಿದರು.

ಅವಳೂ ನಕ್ಕಳು. ಯಾಕೆ ನಕ್ಕೆ ಎಂದು ಆಮೇಲೆ ಕೇಳಿಕೊಂಡಳು; ಬಾಯಿ ತಾನಾಗಿಯೇ ಬಿಚ್ಚಿಕೊಂಡಿತ್ತು. ಎರಡು ತಿಂಗಳಿಂದ ಬಾಯಿಗಳ ಕೆಲಸವೇ ಮಾಡಿ ತನ್ನ ಬಾಯಿಯೂ ಇನ್ನೊಬ್ಬರು ಎಳೆದಲ್ಲಿಗೆ ಬರುವ ಹಾಗಾಗಿತ್ತು. "ನಗಬೇಕು ಕಣಮ್ಮ, ಎಲ್ಲರೂ ನಗಬೇಕು," ಎಂದು ಮೈಕಪ್ಪ ಮೊದಲ ದಿನವೇ ಅವಳ ಫೋಟೋ ಸ್ಟುಡಿಯೋಕ್ಕೆ ಬಂದು ಅಪ್ಪನ ಎದುರಿಗೆ ಕೂತು ಹೇಳಿದ್ದರು. "ಅಳೋ ಮುಖ ನೋಡೋಕೆ ಯಾರು ಬರ್ತಾರೆ? ಬಂದವರಿಗೆ ಸಾವು ಕಾಣಬಾರದು. ಹಾಗೇ ಸ್ವಲ್ಪ ಬೆಳ್ಳಗೂ ಮಾಡ್ಬಿಡು. ತಂದೆತಾಯಿಗಳಿಗೂ ಖುಷಿ ಆಗುತ್ತೆ." ಶಾಲೆಯ ಗುಂಪು ಫೋಟೋಗಳಿಂದ, ಗುರುತಿನ ಚೀಟಿಗಳಿಂದ, ಯಾರದೋ ಮದುವೆಯ ಆಲ್ಬಮ್ಮಿನ ಮೂಲೆಯಿಂದ ಅವಳು ಮುಖಗಳನ್ನು ಕತ್ತರಿಸಿ ತೆಗೆದಿದ್ದಳು. ಮುನಿಸಿಕೊಂಡವರ ತುಟಿಯ ತುದಿಯನ್ನು ಕಂಪ್ಯೂಟರಿನಲ್ಲಿ ಮೇಲಕ್ಕೆ ಎಳೆದಿದ್ದಳು. ಆರು ಮಕ್ಕಳಿಗೆ ಮುಂದಿನ ಹಲ್ಲೇ ಇರಲಿಲ್ಲ. ಏಳು ವರ್ಷದವರಿಗೆ ಎಲ್ಲಿಂದ ಬರಬೇಕು? ಆ ಸಂದುಗಳಲ್ಲಿ ಬೇರೆಯವರ ಹಲ್ಲು ತಂದು ಕೂರಿಸಿದ್ದಳು. ಒಂದು ದಿನ ಊಟಕ್ಕೆ ಕೂತಾಗ ನಾಲಿಗೆ ತನ್ನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿರುವುದು ಗೊತ್ತಾಗಿ, ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ ಎದ್ದು ಹೋಗಿ ಉಗುಳಿದ್ದಳು. "ಏನಾಯ್ತೇ?" ಎಂದು ಅಪ್ಪ ಕೇಳಿದ. "ಕಲ್ಲು ಸಿಕ್ತು," ಅಂದಳು. ಕಣ್ಣು ಮಂಜಾದ ಮೇಲೆ ಅಪ್ಪನಿಗೆ ಏನು ಹೇಳಿದರೂ ನಡೆಯುತ್ತಿತ್ತು.

ಎಂಟು, ಒಂಬತ್ತು, ಹತ್ತು. ಹನ್ನೊಂದನೆಯದಕ್ಕೆ ಅವಳು ಹಬೆ ಬಿಡಲಿಲ್ಲ. ಒಣಬಟ್ಟೆಯನ್ನು ಗಾಜಿನ ಅಂಚಿಗೆ ತಾಗಿಸಿ, ನೋಡದೆ ಎಳೆದು, ಮುಂದಕ್ಕೆ ಹೋದಳು.

ಹನ್ನೊಂದನೆಯ ಮಗುವಿನ ತಾಯಿ, ಇಸ್ತ್ರಿ ಅಂಗಡಿಯಾಕೆ, ಎರಡು ತಿಂಗಳ ಹಿಂದೆ ಸ್ಟುಡಿಯೋಕ್ಕೆ ಬಂದದ್ದು ಮಧ್ಯಾಹ್ನದ ಬಿಸಿಲಲ್ಲಿ. ಬಾಗಿಲಲ್ಲಿ ನಿಂತಾಗ ಬಿಸಿಲಿನದಲ್ಲದ ಬೇರೆಯೇ ಒಂದು ಬಿಸಿ ಆಕೆಯ ಮೈಯಿಂದ ಬಂತು. ಕಾದ ಬಟ್ಟೆಯ, ಹಬೆಯಾದ ನೀರಿನ ವಾಸನೆ. ಬಲಗೈಯ ಒಳಬದಿಯಲ್ಲಿ ಇಸ್ತ್ರಿಪೆಟ್ಟಿಗೆಯ ಅಂಚು ತಾಗಿ ಆದ ಹಳೆಯ ಗೆರೆಗಳು. ಮಡಿಸಿದ ದಿನಪತ್ರಿಕೆಯ ಒಳಗಿನಿಂದ ಎರಡನೆಯ ತರಗತಿಯ ಗುಂಪು ಫೋಟೋ ತೆಗೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ಎರಡು ಸಲ ಸವರಿದಳು. ಸುಕ್ಕಿದ್ದರೆ ಹೋಗಲಿ ಅನ್ನುವ ಹಾಗೆ.

"ಇದೊಂದೇ ಇರೋದು ಮೇಡಂ. ಬೇರೆ ತೆಗೆಸಿರ್ಲಿಲ್ಲ. ನಾಳೆ ತೆಗೆಸೋಣ, ನಾಳೆ ತೆಗೆಸೋಣ ಅಂತಿದ್ವಿ."

"ಅರ್ಧ ಮುಖ ಮಾತ್ರ ಇದೆಯಲ್ಲಮ್ಮ."

"ಇನ್ನರ್ಧ ನೀವು ಮಾಡ್ಕೊಡ್ತೀರಂತೆ. ಅಧ್ಯಕ್ಷರು ಹೇಳಿದ್ರು. ಕಂಪ್ಯೂಟರಲ್ಲಿ ಎಲ್ಲ ಬರುತ್ತಂತೆ."

ಹಿಂದಿನ ಸಾಲಿನ ಬಲತುದಿ. ಎತ್ತರದ ಹುಡುಗಿಯೊಬ್ಬಳ ಭುಜದ ಹಿಂದಿನಿಂದ ಒಂದು ಕಣ್ಣು, ಒಂದು ಕೆನ್ನೆ, ಅರ್ಧ ಮೂಗು. ಫೋಟೋ ತೆಗೆದವಳಿಗೆ ಅಂದು ಬೇಕಾಗಿದ್ದುದು ಅಷ್ಟೇ.

"ಇದಕ್ಕೇ ನಾನು ಅವಳಿಗೆ ಹೊಡೆದಿದ್ದೆ ಮೇಡಂ," ಎಂದಳು ಇಸ್ತ್ರಿಯಾಕೆ, ಏನೋ ಅಳತೆ ಕೊಡುವವಳ ಹಾಗೆ. "ಫೋಟೋ ದಿನ ಅಂತ ಎಲ್ಲರ ಬಟ್ಟೆ ಬದಿಗಿಟ್ಟು ಮೊದಲು ಅವಳ ಸ್ಕರ್ಟಿಗೆ ಇಸ್ತ್ರಿ ಹಾಕಿದ್ದೆ. ಒಂದೊಂದು ನೆರಿಗೆನೂ ಬ್ಲೇಡಿನ ಥರ. ಮುಂದೆ ನಿಂತ್ಕೋ, ಸ್ಕರ್ಟು ಕಾಣ್ಬೇಕು ಅಂತ ಹೇಳಿ ಕಳ್ಸಿದ್ದೆ. ನೋಡಿದ್ರೆ ಎಲ್ಲಿ ಹೋಗಿ ಅಡಗಿದಾಳೆ! ಯಾಕೇ ಅಂದ್ರೆ, ಫೋಟೋ ಅಕ್ಕ ನಿಲ್ಲಿಸಿದ್ಲು ಅಂದ್ಲು. ಸುಳ್ಳು ಬೇರೆ ಹೇಳ್ತೀಯಾ ಅಂತ ಒಂದೇಟು ಬಿಟ್ಟೆ. ಹದಿನಾಲ್ಕು ದಿನ ಆದ್ಮೇಲೆ ಇದಾಯ್ತು." ಆಕೆ ಚಾವಣಿ ಎನ್ನುವ ಮಾತನ್ನು ಆಡಲಿಲ್ಲ, ಕೈಯನ್ನು ಸ್ವಲ್ಪ ಎತ್ತಿ ಇಳಿಸಿದಳು. "ನೀವೇ ಅಲ್ವಾ ತೆಗೆದಿದ್ದು? ನಿಮಗೆ ಗೊತ್ತಿರುತ್ತೆ. ನೀವು ನಿಲ್ಲಿಸಿದ್ರಾ ಅವಳನ್ನ ಅಲ್ಲಿ?"

ಅಪ್ಪ ಮೂಲೆಯಲ್ಲಿ ಕೂತು ಫೋಟೋ ಲಕೋಟೆಗಳನ್ನು ಕೈಯಿಂದ ಸವರಿ ಜೋಡಿಸುತ್ತಿದ್ದ. ಫ್ಯಾನು ತಿರುಗುತ್ತಿತ್ತು. "ಇಲ್ಲಮ್ಮ," ಎಂದಳು ಅವಳು. "ಮಕ್ಕಳು ತಾವೇ ಹೋಗಿ ಎಲ್ಲೆಲ್ಲೋ ನಿಂತ್ಕೋತವೆ. ಕೇಳಿದ್ರೆ ಬೇರೆಯವರ ಮೇಲೆ ಹೇಳ್ತವೆ." ಎರಡನೆಯ ಮಾತು ಬೇಕಾಗಿರಲಿಲ್ಲ. ಮೊದಲನೆಯದು ಹೆದರಿಕೆಯಿಂದ ಬಂತು. ಎರಡನೆಯದನ್ನು ಅವಳು ಕೈಯಾರೆ ಸೇರಿಸಿದಳು, ಅಂಗಡಿಯವರು ತೂಕಕ್ಕೆ ಮೇಲೊಂದು ಚಿಟಿಕೆ ಹಾಕುವ ಹಾಗೆ.

ಇಸ್ತ್ರಿಯಾಕೆ ಫೋಟೋದಿಂದ ಕೈ ತೆಗೆದು, "ಹಂಗಾದ್ರೆ ಹೊಡೆದಿದ್ದು ತಪ್ಪಲ್ಲ," ಎಂದಳು. ಆಕೆಯ ಭುಜ ಒಂದು ಬೆರಳಿನಷ್ಟು ಕೆಳಗೆ ಇಳಿಯಿತು. ಆ ಇಳಿದ ಭುಜವನ್ನು ಹಿಡಿದುಕೊಂಡೇ ಅವಳು ಎರಡು ತಿಂಗಳು ಬದುಕಿದ್ದಳು. ನೋಡು, ನಿನ್ನ ಸುಳ್ಳಿನಿಂದ ಆ ತಾಯಿಗೆ ಹಗುರವಾಯಿತು. ನಿಜ ಹೇಳಿದ್ದರೆ, ಸುಮ್ಮಸುಮ್ಮನೆ ಹೊಡೆದೆ ಅಂತ ಆಕೆ ಜನ್ಮವೆಲ್ಲ ಕೊರಗಬೇಕಾಗಿತ್ತು. ಇದು ಒಂದು ರೀತಿಯ ದಯೆಯೇ. ದಯೆ! ಹೀಗೆ ಹೇಳಿಕೊಂಡಾಗಲೆಲ್ಲ ಬಾಯಲ್ಲಿ ಎಣ್ಣೆಯ ಜಿಡ್ಡಿನಂಥದು ಒಂದು ಪದರ ಕೂರುತ್ತಿತ್ತು. ಹಲ್ಲುಜ್ಜಿದರೂ ಹೋಗುತ್ತಿರಲಿಲ್ಲ. ಮತ್ತೆ, ಸುಳ್ಳುಗಾತಿ ಆಗಿ ಉಳಿದುಬಿಟ್ಟ ಆ ಹುಡುಗಿ? ಅವಳ ಭುಜವನ್ನು ಇಳಿಸುವವರು ಯಾರು?

ಆ ಫೋಟೋ ದಿನ ಶಾಲೆಯ ಅಂಗಳದಲ್ಲಿ ಬೆಂಚುಗಳನ್ನು ಮೂರು ಸಾಲು ಹಾಕಿದ್ದರು. ಬೆಳಿಗ್ಗೆಯಿಂದ ಐದು ತರಗತಿಗಳ ಫೋಟೋ ಆಗಿ ಅವಳಿಗೆ ತಲೆ ಸಿಡಿಯುತ್ತಿತ್ತು. ಎರಡನೆಯ ತರಗತಿಯವರು ಕಾಳು ಚೆಲ್ಲಿದ ಹಾಗೆ ಬಂದರು. ಮೊದಲಿಗೆ ಓಡಿ ಬಂದು ಎದುರಿಗೆ ನಿಂತವಳು ಆ ಹುಡುಗಿ. ಮೂಗು ಸುರಿಯುತ್ತಿತ್ತು. ಬಾಯಿಯ ಎಡತುದಿಯಲ್ಲಿ ಒಡೆದ ಹುಣ್ಣು. ಅದರ ಮೇಲೆ ಯಾರೋ ದಪ್ಪಗೆ ಹಚ್ಚಿದ ನೇರಳೆ ಔಷಧಿ ಜೊಲ್ಲಿನ ಜೊತೆ ಇಳಿದು ಗಲ್ಲದವರೆಗೂ ಬಂದು ಒಣಗಿತ್ತು. ಆ ಬಾಯಿಂದಲೇ ನಕ್ಕು, "ಅಕ್ಕಾ, ನಾನು ಮುಂದೆ ನಿಂತ್ಕೊಳ್ಳಾ?" ಎಂದಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಏಳು ವರ್ಷದ ಮಗು, ಒಂದು ಹುಣ್ಣು, ಅಷ್ಟೇ. ಆದರೆ ತಾನು ಕಂಡದ್ದು ಮಗುವನ್ನಲ್ಲ, ತನ್ನ ಫೋಟೋದ ನಟ್ಟನಡುವೆ ಬಿದ್ದ ನೇರಳೆ ಕಲೆಯನ್ನು. ಕೈಯಲ್ಲಿ ತರಗತಿಯ ಹೆಸರು ಬರೆದ ಸ್ಲೇಟು ಇತ್ತು. ಕೈ ತಾಗಬಾರದು ಅಂತ ಆ ಸ್ಲೇಟಿನ ಅಂಚನ್ನೇ ಹುಡುಗಿಯ ಭುಜಕ್ಕೆ ಒತ್ತಿ, ದನವನ್ನು ಓರೆಗೆ ತಳ್ಳುವ ಹಾಗೆ ತಳ್ಳಿ, ಹಿಂದಿನ ಸಾಲಿನ ತುದಿಗೆ ಮುಟ್ಟಿಸಿದಳು. "ಅಲ್ಲೇ. ಅಲ್ಲಾಡ್ಬೇಡ. ಆ ಅಕ್ಕನ ಹಿಂದೆ. ಇನ್ನೂ ಹಿಂದೆ." ಹುಡುಗಿ ಒಂದು ಸಲ ತನ್ನ ಸ್ಕರ್ಟನ್ನು ನೋಡಿಕೊಂಡಿತು. ಲೆನ್ಸಿನ ಒಳಗೆ ಎಲ್ಲ ಚೊಕ್ಕಟವಾಯಿತು. ಕ್ಲಿಕ್.

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಒಬ್ಬ ರಾಜಕುಮಾರಿ ಇದ್ದಳು. ಯಾರೂ ನೋಡದೆ ನೋಡದೆ ಅವಳ ಮುಖ ಸವೆಯುತ್ತ ಬಂತಂತೆ. ಮೊದಲು ಹುಬ್ಬು, ಆಮೇಲೆ ಮೂಗಿನ ತುದಿ, ಆಮೇಲೆ ಒಂದು ಕೆನ್ನೆ. ಅರಮನೆಯ ಅಗಸರು, ಅಡುಗೆಯವರು, ಆನೆಯವರು ಎಲ್ಲರೂ ಅವಳ ಪಕ್ಕದಲ್ಲೇ ಹಾದುಹೋಗುತ್ತಿದ್ದರಂತೆ. "ಹೂಂ ಅನ್ನೇ, ಹೂಂ ಅನ್ನದಿದ್ರೆ ಕತೆ ನಿಂತ್ಹೋಗುತ್ತೆ," ಎಂದು ಅಜ್ಜಿ ಚುಚ್ಚುತ್ತಿದ್ದಳು. ಇವಳು ಕಂಬಳಿಯೊಳಗಿನಿಂದ ಹೂಂ, ಹೂಂ ಎನ್ನುತ್ತಲೇ, ಆಮೇಲೆ ಮುಖ ವಾಪಸ್ ಬಂತಾ ಎಂದು ಕೇಳುವ ಹೊತ್ತಿಗೆ ಅಜ್ಜಿಯದೇ ಗೊರಕೆ ಶುರುವಾಗುತ್ತಿತ್ತು. ಹಾಗಾಗಿ ಆ ಕತೆಯ ಕೊನೆ ಅವಳಿಗೆ ಗೊತ್ತಿಲ್ಲ. ಕಂಪ್ಯೂಟರಿನ ಮುಂದೆ ಕೂತು ಅರ್ಧ ಮುಖವನ್ನು ದೊಡ್ಡದು ಮಾಡಿದ ದಿನ, ಇದೇನು ಮಹಾ, ಇರುವ ಅರ್ಧವನ್ನೇ ತಿರುಗಿಸಿ ಅಂಟಿಸಿದರಾಯಿತು ಎಂದುಕೊಂಡಿದ್ದಳು. ಅಂಟಿಸಿದಳು. ಪರದೆಯ ಮೇಲೆ ಎದ್ದು ಬಂದದ್ದು ಮಗುವಲ್ಲ. ಎರಡೂ ಕಡೆ ಒಂದೇ ಆಗಿದ್ದ, ನಡುವೆ ಸೀಳಿದ ಹಾಗಿದ್ದ ಯಾವುದೋ ಮೀನು. ಬಾಯಿ ಭುಜದ ಹಿಂದೆ ಹೋಗಿದ್ದರಿಂದ ಬಾಯೇ ಇರಲಿಲ್ಲ. ಕೊನೆಗೆ ಮೊಬೈಲಿನಲ್ಲಿದ್ದ ತನ್ನ ಅಕ್ಕನ ಮಗಳ ಹುಟ್ಟುಹಬ್ಬದ ಫೋಟೋ ತೆಗೆದು, ಕೇಕಿನ ಕ್ರೀಮು ಮೆತ್ತಿದ್ದ ಬಾಯನ್ನು ಕತ್ತರಿಸಿ, ಕ್ರೀಮು ಒರೆಸಿ, ಅಲ್ಲಿ ಕೂರಿಸಿದಳು. ಕೂತುಬಿಟ್ಟಿತು. ಮೈಕಪ್ಪ ಎಲ್ಲಕ್ಕಿಂತ ಮೆಚ್ಚಿದ್ದು ಅದನ್ನೇ. ಅಂದಿನಿಂದ ಅಕ್ಕ ವೀಡಿಯೋ ಕರೆ ಮಾಡಿ, "ಚಿಕ್ಕಮ್ಮಂಗೆ ಹಾಯ್ ಹೇಳು," ಎಂದು ಮಗಳನ್ನು ಮುಂದೆ ತಳ್ಳಿದರೆ, ಇವಳು ಸಿಗ್ನಲ್ ಇಲ್ಲ ಎಂದು ಹೇಳಿ ಆಫ್ ಮಾಡುತ್ತಿದ್ದಳು. ಬದುಕಿರುವ ಮಗುವಿನ ಬಾಯಿ ಗೋಡೆಯ ಮೇಲೆ ಸತ್ತಿತ್ತು.

ಹತ್ತೂವರೆಗೆ ಜನ ತುಂಬತೊಡಗಿದರು. ಟೀ ಕಪ್ಪುಗಳು ಕಿಟಕಿಯ ಕಟ್ಟೆಯ ಮೇಲೆ, ಕುರ್ಚಿಯ ಕೆಳಗೆ, ಒಂದಂತೂ ವೇದಿಕೆಯ ದೀಪದ ಪಕ್ಕದಲ್ಲೇ. ಬಿಸ್ಕತ್ತಿನ ಪುಡಿ ಹೊಸ ಕಲ್ಲಿನ ಮೇಲೆ ಕಾಲಿಗೆ ಸಿಕ್ಕಿ ಕಿರಿಕಿರಿ ಅನ್ನುತ್ತಿತ್ತು. "ಎಷ್ಟು ಮುದ್ದಾಗಿದಾವೆ!" "ದೇವರು ಒಳ್ಳೇವರನ್ನೇ ಬೇಗ ಕರ್ಕೋತಾನೆ ಕಣ್ರೀ." "ಲೈಟಿಂಗ್ ಯಾರು ಮಾಡಿದ್ದು?" ನಿವೃತ್ತ ಹೆಡ್‌ಮಾಸ್ಟರು ಒಬ್ಬೊಬ್ಬರ ಮುಂದೆ ನಿಂತು, ಈ ಮಗು ಬಹಳ ಚುರುಕು, ಈ ಮಗು ಬಹಳ ಚುರುಕು ಎನ್ನುತ್ತ ಹೋದರು. ಹತ್ತೊಂಬತ್ತೂ ಚುರುಕಾದವು. ಅವಳ ಕೊರಳಿನಲ್ಲಿ ಕ್ಯಾಮೆರಾ ನೇತಾಡುತ್ತಿತ್ತು. ಸಮಾರಂಭದ ಫೋಟೋವೂ ಅವಳದೇ ಕೆಲಸ. ಲೆನ್ಸಿನ ಮುಚ್ಚಳ ತೆಗೆಯಲು ಕೈ ಬರಲಿಲ್ಲ.

ಇಸ್ತ್ರಿಯಾಕೆ ಬಂದಳು. ಸೀರೆ ಎಷ್ಟು ಗರಿಯಾಗಿತ್ತೆಂದರೆ ಆಕೆ ನಿಂತಾಗಲೂ ಅದು ಮಡಿಸಿಟ್ಟ ಹಾಗೇ ಕಾಣುತ್ತಿತ್ತು. ಯಾರನ್ನೂ ಮಾತಾಡಿಸದೆ ಗೋಡೆಯ ಎಡತುದಿಯಿಂದ ಶುರು ಮಾಡಿದಳು. ಒಂದು. ಎರಡು. ಪ್ರತಿಯೊಂದರ ಮುಂದೆ ನಿಂತು, ತಲೆಯನ್ನು ಸ್ವಲ್ಪ ವಾಲಿಸಿ, ಬೇರೆಯವರ ಮಕ್ಕಳಿಗೆ ಕೊಡಬೇಕಾದಷ್ಟು ಮರ್ಯಾದೆ ಕೊಟ್ಟು, ಮುಂದೆ ಹೋಗುತ್ತಿದ್ದಳು. ಒಂಬತ್ತು. ಹತ್ತು. ಕಂಬದ ಪಕ್ಕದಿಂದ ಅವಳು ನೋಡುತ್ತಿದ್ದಳು. ಹನ್ನೊಂದರ ಮುಂದೆ ಆಕೆ ನಿಂತಳು, ತಲೆ ವಾಲಿಸಿದಳು. ಮುಂದೆ ಹೋದಳು. ಹನ್ನೆರಡು, ಹದಿಮೂರು, ಹತ್ತೊಂಬತ್ತರವರೆಗೂ ಹೋಗಿ, ಗೋಡೆ ಮುಗಿದ ಮೇಲೂ ಒಂದು ಹೆಜ್ಜೆ ಇಟ್ಟು, ಖಾಲಿ ಮೂಲೆಯನ್ನು ನೋಡಿ, ಹಿಂತಿರುಗಿದಳು.

"ನನ್ನ ಮಗಳದ್ದು ಹಾಕಿಲ್ವಾ ಸಾರ್?" ಎಂದಳು ಮೈಕಪ್ಪನಿಗೆ. ಮೆಲ್ಲಗೇ ಕೇಳಿದಳು. ಆದರೆ ಆಗ ಮೈಕು ಅವರ ಕೈಯಲ್ಲೇ ಇತ್ತು. ಮಾತು ನಾಲ್ಕೂ ಗೋಡೆಗೆ ಬಡಿಯಿತು.

"ಅಯ್ಯೋ, ಇಲ್ಲೇ ಇದೆಯಲ್ಲಮ್ಮ, ಹನ್ನೊಂದನೇದು! ಹೆಸರು ಬರೆದಿದೆ ನೋಡು ಕೆಳಗೆ."

ಆಕೆ ಹೋಗಿ ನಿಂತಳು. ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಮುಖ ನೋಡಿದಳು. ಮತ್ತೆ ಹೆಸರು.

"ಪಾಪ, ಹೆತ್ತವಳಿಗೇ ಗುರುತು ಸಿಗ್ಲಿಲ್ವಲ್ಲೇ," ಎಂದಿತು ಹಿಂದಿನ ಕುರ್ಚಿಯಿಂದ ಒಂದು ಹೆಂಗಸಿನ ದನಿ. "ಒಂದೇ ವರ್ಷಕ್ಕೆ!" ಎಂದಿತು ಇನ್ನೊಂದು. "ದುಃಖಕ್ಕೆ ಹಾಗಾಗುತ್ತೆ, ಬಿಡಿ," ಎಂದರು ಹೆಡ್‌ಮಾಸ್ಟರು.

ಇಸ್ತ್ರಿಯಾಕೆಯ ಕಿವಿ ಕೆಂಪಾಯಿತು. "ಹೌದು," ಎಂದಳು. "ಅವಳೇ. ನಂಗೇ... ಕನ್ನಡಕ ತಂದಿರ್ಲಿಲ್ಲ. ತಪ್ಪಾಯ್ತು ಸಾರ್." ಆಕೆ ಕನ್ನಡಕ ಹಾಕುವವಳಲ್ಲ. ಆಮೇಲೆ ಆ ಬಾಯಿಯ ಕಡೆ, ಕೇಕು ತಿಂದು ನಕ್ಕ ಆ ಬಾಯಿಯ ಕಡೆ, ಪರೀಕ್ಷೆಗೆ ಓದುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡತೊಡಗಿದಳು. ಕಲಿಯುತ್ತಿದ್ದಳು. ಇನ್ನು ಮೇಲೆ ಇದನ್ನೇ ನೆನಪಿಟ್ಟುಕೊಳ್ಳಬೇಕು ಎಂದು ತನ್ನ ಮಗಳನ್ನು ಹೊಸದಾಗಿ ಕಲಿಯುತ್ತಿದ್ದಳು.

ಅದನ್ನು ನೋಡಿ ನಿಲ್ಲಲು ಅವಳಿಂದ ಆಗಲಿಲ್ಲ. ಇದು ಧೈರ್ಯವೇನಲ್ಲ. ವಾಂತಿ ಬರುವಾಗ ಮನುಷ್ಯ ಎದ್ದು ಓಡುವುದಕ್ಕೆ ಧೈರ್ಯ ಬೇಕಿಲ್ಲ. ಕಂಬ ಬಿಟ್ಟು, ಕುರ್ಚಿಗಳ ಸಾಲನ್ನು ತಳ್ಳಿಕೊಂಡು, ಆಕೆಯ ಪಕ್ಕಕ್ಕೆ ಹೋದಳು.

"ಅಮ್ಮ, ಅದು ನಿಮ್ಮ ಮಗಳಲ್ಲ."

ಆಕೆ ತಿರುಗಿದಳು.

"ಬಾಯಿ ನನ್ನ ಅಕ್ಕನ ಮಗಳದು. ಒಂದು ಕಡೆ ಕೆನ್ನೆ ನಾನೇ ತಿರುಗಿಸಿ ಅಂಟಿಸಿದ್ದು. ನಿಮಗೆ ಗುರುತು ಸಿಗದೆ ಇದ್ದದ್ದೇ ಸರಿ." ದನಿ ತನ್ನದಲ್ಲದ ಹಾಗೆ ತೆಳ್ಳಗೆ ಬರುತ್ತಿತ್ತು. "ಮತ್ತೆ ಅವತ್ತು ನೀವು ಕೇಳಿದ್ರಲ್ಲ. ನಾನು ಇಲ್ಲ ಅಂದೆ. ಅವಳನ್ನ ಹಿಂದೆ ನಿಲ್ಲಿಸಿದ್ದು ನಾನೇ."

ಮೈಕಪ್ಪ, "ಏನಮ್ಮ ಇದು, ಈಗ ಇದೆಲ್ಲ," ಎನ್ನುತ್ತ ಮೈಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಯಾಕೆ?" ಎಂದಳು ಇಸ್ತ್ರಿಯಾಕೆ.

"ಹುಣ್ಣಾಗಿತ್ತು. ಔಷಧಿ ಗಲ್ಲದ ತನಕ ಇಳಿದಿತ್ತು. ಮೂಗು ಸುರೀತಿತ್ತು." ಇನ್ನೊಂದು ಮಾತು ಉಳಿದಿತ್ತು, ಅದನ್ನೂ ಹೊರಗೆ ಹಾಕಿದಳು. "ನನಗೆ ಹೇಸಿಗೆ ಆಯ್ತು."

"ಯಾವ ಕಡೆ?"

"ಏನು?"

"ಹುಣ್ಣು. ಯಾವ ಕಡೆ ಇತ್ತು?"

"ಎಡಗಡೆ. ತುದೀಲಿ. ನಕ್ಕಾಗ ಮತ್ತೆ ಬಿರುಕು ಬಿಡ್ತು. ಆದ್ರೂ ನಕ್ಕಳು. ಮುಂದೆ ನಿಂತ್ಕೊಳ್ಳಾ ಅಂತ ಕೇಳಿದ್ಲು."

ಆಕೆಯ ಮುಖದಲ್ಲಿ ಅಳುವಿನಂಥದ್ದೇನೂ ಬರಲಿಲ್ಲ. ಬಹಳ ದಿನ ಬಿಗಿದಿದ್ದ ಕಸೆಯೊಂದು ಬಿಚ್ಚಿಕೊಂಡು, ಅದರ ಜಾಗದಲ್ಲಿ ಇನ್ನೊಂದು, ಹೆಚ್ಚು ನೋವಿನದು, ಬಿಗಿದುಕೊಂಡಿತು. "ಕೇಳಿದ್ಲಾ," ಎಂದಳು. "ನಾನು ಹೇಳಿದ ಹಾಗೇ ಕೇಳಿದ್ಲು. ಹಾಗಾದ್ರೆ ಅವಳು ಸುಳ್ಳು ಹೇಳಿರ್ಲಿಲ್ಲ." ಬಲಗೈ ಬೆರಳನ್ನು ನೋಡಿಕೊಂಡು, "ಔಷಧಿ ಹಚ್ಚಿದ್ದು ನಾನು. ಜಾಸ್ತಿ ಹಚ್ಚಿದ್ರೆ ಬೇಗ ವಾಸಿ ಆಗುತ್ತೆ ಅಂತ," ಎಂದಳು.

ಆಮೇಲೆ ಎರಡೂ ಕೈ ಎತ್ತಿ ಹನ್ನೊಂದನೆಯ ಚೌಕಟ್ಟನ್ನು ಮೊಳೆಯಿಂದ ಕಳಚಿದಳು. ಹೊಸ ಬಣ್ಣದ ಒಂದು ಹಕ್ಕಳೆ ಎದ್ದು ಆಕೆಯ ಸೀರೆಯ ಮೇಲೆ ಬಿತ್ತು.

"ಏಯ್, ಏಯ್, ಅಮ್ಮಾ, ಅತಿಥಿಗಳು ಗೇಟಿನ ಹತ್ರ ಬಂದಿದಾರೆ! ಗೋಡೆ ಬೋಳಾಗಿ ಕಾಣುತ್ತೆ!"

"ಕಾಣ್ಲಿ ಸಾರ್." ಆಕೆ ಚೌಕಟ್ಟನ್ನು ಅವಳ ಕೈಗೆ ಕೊಟ್ಟಳು. "ತಗೊಳ್ಳಿ. ಇದು ನಿಮ್ಮ ಮನೇದು." ಕೊಡುವಾಗ ಬೆರಳು ಬೆರಳಿಗೆ ತಾಗಿತು, ಆಕೆ ತಾಗಿದ ಬೆರಳನ್ನು, ಅವಳು ನೋಡುತ್ತಿರುವಂತೆಯೇ, ಗರಿಯಾದ ಸೀರೆಗೆ ನಿಧಾನವಾಗಿ ಒರೆಸಿಕೊಂಡಳು. ಸರಿ, ಅನ್ನಿಸಿತು ಅವಳಿಗೆ. ಇದು ಸರಿಯಾಗಿಯೇ ಇದೆ. ಕ್ಷಮಿಸಿ ಎಂದು ಬಾಯಿ ತೆರೆದಳು.

"ನಂಗ್ಯಾಕೆ?" ಎಂದಳು ಇಸ್ತ್ರಿಯಾಕೆ. "ಅವಳಿಗೆ ಹೇಳಿ."

ಎಲ್ಲಿ? ಎಡಕ್ಕೆ ಹತ್ತು ನಗು, ಬಲಕ್ಕೆ ಎಂಟು. ನಡುವೆ ಒಂದು ಮೊಳೆ. ಹಿಂದೆ ಕುರ್ಚಿಗಳು ಸರಿದಾಡುವ ಸದ್ದು, ಯಾರೋ ಶ್ ಎಂದದ್ದು. ಸ್ಕರ್ಟನ್ನೊಮ್ಮೆ ನೋಡಿಕೊಂಡು ಸುಮ್ಮನೆ ಹಿಂದೆ ಸರಿದವಳು ಈ ಬಣ್ಣದ, ಈ ಕಲ್ಲಿನ, ಈ ದೀಪಗಳ ಯಾವ ಸಂದಿನಲ್ಲಿ ಇದ್ದಾಳು? ಅವಳು ಮೊಳೆಯನ್ನೇ ದಿಟ್ಟಿಸಿದಳು.

"ಅಷ್ಟು ಮೇಲೆ ನೋಡ್ಬೇಡಿ," ಎಂದಳು ತಾಯಿ. "ಅವಳು ಅಷ್ಟೆತ್ತರ ಇರ್ಲಿಲ್ಲ." ಅಂಗೈ ಮಗುಚಿ ತನ್ನ ಸೊಂಟದ ಪಕ್ಕ, ಗಾಳಿಯಲ್ಲಿ, ಒಂದು ಜಾಗ ತೋರಿಸಿದಳು. "ಇಷ್ಟು."

ಅವಳು ಚೌಕಟ್ಟನ್ನು ಕೆಳಗಿಟ್ಟು, ಹೊಳೆಯುವ ಕಲ್ಲಿನ ಮೇಲೆ ಮಂಡಿಯೂರಿದಳು. ಆ ಕೈಯ ಮಟ್ಟಕ್ಕೆ ಮುಖ ತಂದಳು.

"ನಿನ್ನನ್ನ ಅಲ್ಲಿ ನಿಲ್ಲಿಸಿದ್ದು ನಾನು," ಎಂದಳು.